ಮಗು ಬೆಳೆಯಲು ತಾಯಿ ಉಣ್ಣಲಿ



"ಸ್ವಾಮಿ, ಮಗು ತೂಕ ಏರ್ತಿಲ್ಲ, ದೃಷ್ಟಿ ತಾಗಿರಬೇಕು, ಆಶೀರ್ವಾದ ಮಾಡಿ" ಎಂದು ಅಜ್ಜಿಯೊಬ್ಬರು ಮೊಮ್ಮಗುವನ್ನು ತಂದರು. ಆಶೀರ್ವದಿಸಿ, "ಮಗಳು ಏನು ಉಣ್ತಾಳಮ್ಮಾ?" ಎಂದೆ. "ಬಾಣಂತಿ ಅಲ್ವೇ ಸ್ವಾಮಿ, ಪಥ್ಯ. ನೀರೂ ಕಡಿಮೆ" ಎಂದರು.

ಪ್ರಿಯರೇ, ಆರೋಗ್ಯವಂತ ಶಿಶುವಿನ ತೂಕ ಮೊದಲ ದಿನಗಳಲ್ಲಿ ತುಸು ಇಳಿದು, ಸುಮಾರು 2 ವಾರಗಳಲ್ಲಿ ಮರಳುತ್ತದೆ. 5-6 ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮೂರು ಪಟ್ಟಾಗುತ್ತದೆ. ಇದಕ್ಕೆ ಗರ್ಭಿಣಿಗೆ ಪೋಷಣೆ ಬೇಕು. ಹುಟ್ಟಿದ 1 ಗಂಟೆಯೊಳಗೆ ಮೊದಲ ಹಳದಿ ಹಾಲು, 6 ತಿಂಗಳು ತಾಯಿಯ ಹಾಲು ಮಾತ್ರ ಸಾಕು. ಜೇನು, ಸಕ್ಕರೆ ನೀರು ಬೇಡ. ಭೇದಿ, ಸೋಂಕುಗಳಿಂದ ಕಾಯಬೇಕು. ಹಾಲೂಡುವ ತಾಯಿಗೆ ಹೆಚ್ಚು ಆಹಾರ, ದಾಹ ತೀರುವಷ್ಟು ನೀರು ಕೊಡಬೇಕು. ತೂಕ ಏರದಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ, ಅದು ಅವಿಶ್ವಾಸವಲ್ಲ.

ಬಾಲಯೇಸು ಬೆಳೆದು ಬಲಗೊಂಡರೆಂದು ಸಂತ ಲೂಕರು ತಮ್ಮ ಶುಭಸಂದೇಶದಲ್ಲಿ ತಿಳಿಸುತ್ತಾರೆ. ದೇವಪುತ್ರರೂ ತಾಯಿಯ ಮಡಿಲಲ್ಲೇ ಬೆಳೆದರು. ಆ ತಾಯಿಯನ್ನು ಕಾಯಲು ಸಂತ ಜೋಸೆಫರಿದ್ದರು. ನಿಮ್ಮ ಮನೆಯ ಬಾಣಂತಿಗೆ ಜೋಸೆಫರು ಯಾರು? ಇಂದು ರಾತ್ರಿ ಮೊದಲ ತಟ್ಟೆ ಅವಳಿಗೇ ಬಡಿಸಿ. ಅದೂ ಪ್ರಾರ್ಥನೆಯೇ.