ಜೀವ ಬಂತು

ನಿಡಗುಂದಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ. ಗೋಡೆಯ ಟಿವಿಯಲ್ಲಿ ಪ್ರೊ ಕಬಡ್ಡಿ. ಬೆಂಗಳೂರು ಬುಲ್ಸ್ ಆಡುತ್ತಿದೆ. ಇವತ್ತಿನದು ಬರೀ ಲೀಗ್ ಪಂದ್ಯ. 12 ತಂಡಗಳು ಪರಸ್ಪರ ಎರಡೆರಡು ಸಲ ಎದುರಾದರೆ ಒಂದು ತಂಡದ ಪಾಲಿಗೆ ಇಂಥವು 22. ಸೋತರೂ ಮುಂದಿನ ಪಂದ್ಯ ಇದ್ದೇ ಇದೆ. 2019ರ ಜನವರಿ 5ರಂದು ಮುಂಬೈ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ರೇಡ್ ಅಂಕ ತಂದು ಬುಲ್ಸ್ ತಂಡವನ್ನು ಗುಜರಾತ್ ಮೇಲೆ 38-33ರಿಂದ ಗೆಲ್ಲಿಸಿದ್ದು ಮರೆಯುವಂಥದ್ದಲ್ಲ. ಆದರೂ ನನಗೆ ಇಂಥ ಸಾದಾ ಸಂಜೆಗಳೇ ಇಷ್ಟ. ಕಪ್ಪಿನ ಚಿಂತೆ ಇಲ್ಲದ ದಿನ ಆಟವನ್ನು ಆಟವಾಗಿಯೇ ನೋಡಬಹುದು.

ಎಲ್ಲರೂ ರೇಡಿಗೆ ಹೋದವನನ್ನು ನೋಡುತ್ತಾರೆ. ನನ್ನ ಕಣ್ಣು ಮಾತ್ರ ಔಟಾಗಿ ಹೊರಗೆ ಕೂತವರ ಮೇಲೆ.

ಕ್ರಿಕೆಟ್‌ನಲ್ಲಿ ಔಟಾದವನು ಪ್ಯಾಡು ಬಿಚ್ಚುತ್ತಾನೆ. ಚದುರಂಗದಲ್ಲಿ ಸತ್ತ ಆನೆ ಡಬ್ಬಿ ಸೇರುತ್ತದೆ. ಕಬಡ್ಡಿಯಲ್ಲಿ ಹಾಗಲ್ಲ. ನಮ್ಮವನೊಬ್ಬ ಎದುರಾಳಿಯನ್ನು ಮುಟ್ಟಿ ಬಂದರೆ, ಇಲ್ಲವೇ ಬಂದವನನ್ನು ನಮ್ಮವರು ಹಿಡಿದು ಕೆಡವಿದರೆ, ಹೊರಗೆ ಕೂತವನೊಬ್ಬ ಎದ್ದು ಒಳಗೆ ಬರುತ್ತಾನೆ. ಅದೂ ಸರತಿಯ ಪ್ರಕಾರ: ಮೊದಲು ಹೋದವನು ಮೊದಲು. ಬೋನಸ್ ಗೆರೆ ದಾಟಿ ತಂದ ಅಂಕಕ್ಕೆ ಈ ಶಕ್ತಿ ಇಲ್ಲ. ಅಂಕವೇನೋ ಏರುತ್ತದೆ, ಯಾರೂ ಏಳುವುದಿಲ್ಲ. ಒಬ್ಬರನ್ನು ಎಬ್ಬಿಸಬೇಕಾದರೆ ಸಾಮಾನ್ಯವಾಗಿ ಇನ್ನೊಂದು ಮೈಗೆ ಮೈ ತಾಗಬೇಕು. ಈ ನಿಯಮ ಮೊದಲು ಹೊಳೆದದ್ದು ಯಾರಿಗೋ! ಅವರ ಕಾಲಿಗೆ ಬೀಳಬೇಕು ಅನಿಸುತ್ತದೆ.

ಹಿಂದೆ ಕಬಡ್ಡಿಗೆ ಮೂರು ಬಗೆಗಳಿದ್ದವು. ‘ಅಮರ’ದಲ್ಲಿ ಮುಟ್ಟಿಸಿಕೊಂಡವನು ಹೊರಗೆ ಹೋಗುತ್ತಲೇ ಇರಲಿಲ್ಲ. ‘ಗಾಮಿನಿ’ಯಲ್ಲಿ ಹೋದವನು, ತಂಡ ಪೂರ್ತಿ ಮುಗಿಯುವ ತನಕ ಮರಳುತ್ತಿರಲಿಲ್ಲ. ಮೂರನೆಯದು ‘ಸಂಜೀವಿನಿ’. ಒಂದರಲ್ಲಿ ಅಂಜಿಕೆ ಇಲ್ಲ, ಇನ್ನೊಂದರಲ್ಲಿ ಆಸೆ ಇಲ್ಲ. ಎರಡೂ ಇರುವುದು ಸಂಜೀವಿನಿಯಲ್ಲೇ. ಇವತ್ತು ನಾವು ಆಡುವುದು, ನೋಡುವುದು ಅದನ್ನೇ.

ಸಣ್ಣವರಿದ್ದಾಗ ನಮಗೆ ಔಟ್ ಎಂಬ ಮಾತೇ ಇರಲಿಲ್ಲ. ‘ಸತ್ತಿ’ ಅನ್ನುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಜೋಳದ ಕಣವೇ ನಮ್ಮ ಅಂಗಳ. ಎಲ್ಲರಿಗಿಂತ ಚಿಕ್ಕವನಾದ ನಾನು ಮೊದಲೇ ಸತ್ತು, ಗೆರೆಯಾಚೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ದೊಡ್ಡ ಹುಡುಗನೊಬ್ಬ ಉಸಿರು ಬಿಡದೆ ಆ ಕಡೆ ನುಗ್ಗಿ, ಯಾರನ್ನೋ ಮುಟ್ಟಿ, ನಾಲ್ಕು ಜನ ಕಾಲು ಹಿಡಿದೆಳೆದರೂ ತೆವಳಿ ಬಂದು ಗೆರೆಗೆ ಬೆರಳು ಚಾಚುತ್ತಿದ್ದ. ಬಿದ್ದಲ್ಲಿಂದಲೇ ಕೂಗು: “ಏಳೋ ತಮ್ಮಾ, ಜೀವ ಬಂತು ನಿನಗ!” ಅದರಲ್ಲಿ ನನ್ನದೇನೂ ಇರಲಿಲ್ಲ. ಮೊಣಕಾಲು ತರಚಿದ್ದು ಅವನದು, ಎದ್ದು ನಿಂತವನು ನಾನು. ಆ ಕ್ಷಣದ ಹಗುರ ಈಗಲೂ ಮೈಯಲ್ಲಿದೆ. ಮುಂದೆ ಬದುಕಿನಲ್ಲಿ ಎಷ್ಟೋ ಸಲ ಹಾಗೆ ಎದ್ದಿದ್ದೇನೆ. ಯಾರು ಎಲ್ಲಿ ಯಾವ ಗೆರೆ ಮುಟ್ಟಿದ್ದರೋ, ಎಲ್ಲ ಸಲವೂ ತಿಳಿದಿಲ್ಲ.

ಆ ಕಣ ಈಗ ಆಲಮಟ್ಟಿ ಹಿನ್ನೀರಿನ ಅಡಿ ಇದೆ. ಮುಳುಗಡೆಯಾದ ನೆಲಕ್ಕೆ ಸರತಿ ಇಲ್ಲ.

ಟಿವಿಯಲ್ಲಿ ಬುಲ್ಸ್‌ನ ಒಬ್ಬನೇ ಉಳಿದಿದ್ದ. ನುಗ್ಗಿದ, ಮೂವರು ಕವುಚಿ ಬಿದ್ದರು. ಆಲೌಟ್. ಎದುರಿನವರಿಗೆ ಎರಡು ಅಂಕ ಹೆಚ್ಚಿಗೆ. “ಎಲ್ಲಾರೂ ಸತ್ರು,” ಎಂದು ಪಕ್ಕದ ಹುಡುಗ ಲೋಟ ಕೆಳಗಿಟ್ಟ.

“ನೋಡು ತಮ್ಮಾ,” ಅಂದೆ.

ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು. ಏಳೂ ಜನ ಮ್ಯಾಟಿಗೆ ಬಂದು, ಅಂಗೈ ಬೆವರು ಒರೆಸಿಕೊಂಡು, ಪಕ್ಕದವನ ಕೈ ಹಿಡಿದು ನಿಂತರು.