ರೋಗಿಯನ್ನು ಕೇಳಬೇಕಾದ ಎರಡು ಪ್ರಶ್ನೆ

ಇಂದಿನ ಚಿಂತನೆ.

ಶೋಗ್ರೆನ್ ಸಿಂಡ್ರೋಮ್ ಎಂಬ ಕಾಯಿಲೆಯಿದೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ 19 ಮಹಿಳೆಯರನ್ನು ಪರೀಕ್ಷಿಸಿ ಇದರ ಬಗ್ಗೆ ಬರೆದರು. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರಕ್ತದ ಬಿಳಿ ಕಣಗಳು ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳನ್ನೇ ಶತ್ರುವೆಂದು ತಿಳಿದು ನುಗ್ಗುತ್ತವೆ. ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಬಾಯಿ ಒಣಗಿ ರೊಟ್ಟಿಯ ತುತ್ತು ಇಳಿಯುವುದಿಲ್ಲ, ಹಲ್ಲು ಹುಳುಕಾಗುತ್ತವೆ. ಕೀಲುನೋವು, ಎಷ್ಟು ಮಲಗಿದರೂ ಹೋಗದ ದಣಿವು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಇಂಥವರ ಬೆನ್ನ ಹಿಂದೆ ಒಂದು ಮಾತು ಸಲೀಸಾಗಿ ಬರುತ್ತದೆ: "ಯಾವ ಜನ್ಮದಲ್ಲಿ ಯಾರ ಕಣ್ಣೀರು ಹಾಕಿಸಿದ್ದಳೋ, ಈಗ ಅನುಭವಿಸ್ತಿದಾಳೆ." ಕರ್ಮವನ್ನು ನಂಬುವ ನಾವು ಈ ಮಾತನ್ನು ಒಪ್ಪಬಹುದೇ?

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಇದನ್ನೇ ಕೇಳುತ್ತಾನೆ. ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದ ಫಲವೇ? ಬುದ್ಧರು ಎಂಟು ಕಾರಣಗಳನ್ನು ಎಣಿಸುತ್ತಾರೆ: ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮ. ಎಲ್ಲಕ್ಕೂ ಕರ್ಮವೇ ಕಾರಣ ಎನ್ನುವವರು ತಮಗೆ ತಿಳಿದಿರುವುದನ್ನು ಮೀರಿ ಮಾತಾಡುತ್ತಾರೆ ಎಂದು ತಿದ್ದುತ್ತಾರೆ.

"ಎಂಟರಲ್ಲಿ ಕರ್ಮವೂ ಒಂದಲ್ಲವೇ? ಈಕೆಯದು ಅದೇ ಇರಬಹುದಲ್ಲ?" ಎಂದು ಯಾರಾದರೂ ಕೇಳಬಹುದು. ಇರಬಹುದು, ಇಲ್ಲದಿರಬಹುದು. ಕರ್ಮದ ಫಲವನ್ನು ಬುದ್ಧರು ಅಚಿಂತ್ಯ ವಿಷಯಗಳ ಸಾಲಿಗೆ ಸೇರಿಸಿದ್ದಾರೆ, ಅಂದರೆ ಯೋಚಿಸಿ ಬಗೆಹರಿಸಲಾಗದ್ದು. ಬಗೆಹರಿಯದ ವಿಷಯದಲ್ಲಿ ತೀರ್ಪು ಕೊಡುವವರು ನಾವು ಯಾರು? ಹಾಗೆ ತೀರ್ಪು ಕೊಟ್ಟರೆ ಲಾಭವಾಗುವುದು ನಮಗೇ. ತಪ್ಪು ಅವಳದೇ ಎಂದಾದ ಮೇಲೆ ನಾವು ಎದ್ದು ಹೋಗಿ ಏನೂ ಮಾಡಬೇಕಾಗಿಲ್ಲವಲ್ಲ!

ವಿನಯ ಪಿಟಕದ ಒಂದು ಪ್ರಸಂಗ ನೆನೆಯೋಣ. ಭೇದಿಯಿಂದ ನೆಲದ ಮೇಲೆ ಬಿದ್ದಿದ್ದ ಭಿಕ್ಖುವನ್ನು ಕಂಡಾಗ ಬುದ್ಧರು ಅವನ ಪೂರ್ವಜನ್ಮವನ್ನು ವಿಚಾರಿಸಲಿಲ್ಲ. ನಿನ್ನ ಕಾಯಿಲೆ ಏನು, ನೋಡಿಕೊಳ್ಳುವವರು ಇದ್ದಾರೆಯೇ ಎಂದು ಕೇಳಿದರು. ಆನಂದರಿಂದ ನೀರು ತರಿಸಿ ತಾವೇ ಸುರಿದರು, ಆನಂದರು ಮೈ ತೊಳೆದರು.

ಅವರ ಹಿಂದಿನ ಕರ್ಮ ನಮಗೆ ಕಾಣದು. ನಮ್ಮ ಈ ಹೊತ್ತಿನ ಕರ್ಮ ಕಾಣುತ್ತದೆ. ಮನೆಯಲ್ಲಿ, ನೆರೆಯಲ್ಲಿ ಇಂಥವರಿದ್ದರೆ ಇಂದು ಆ ಎರಡೇ ಪ್ರಶ್ನೆ ಕೇಳೋಣ. ಊಟಕ್ಕೆ ಕೂತಾಗ ರೊಟ್ಟಿಗೆ ಸಾರು ಇನ್ನೊಂದು ಸೌಟು ಹಾಕಿ, ಪಕ್ಕದಲ್ಲಿ ಒಂದು ಚೊಂಬು ನೀರಿಡೋಣ.

ಸಕಲ ಜೀವಿಗಳಿಗೂ ಮಂಗಳವಾಗಲಿ. 🪷