ಹಿತವಚನವೂ ಒಂದು ಚಿಕಿತ್ಸೆ

ಇತರರ ಕುಂದುಕೊರತೆಗಳನ್ನು ಕೆದಕಬಾರದು, ಅವುಗಳನ್ನು ಮರೆಮಾಚಬೇಕು ಎಂದು ಇಸ್ಲಾಮ್ ನಮಗೆ ಕಲಿಸಿದೆ. ಅದೇ ವೇಳೆ ಪರಸ್ಪರ ಹಿತ ಬಯಸುವುದೇ ಧರ್ಮವೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇವೆರಡೂ ಎದುರುಬದುರಾಗಿ ನಿಂತಂತೆ ಕಂಡಾಗ ಏನು ಮಾಡಬೇಕು? ದಂತವೈದ್ಯರ ಮುಂದೆ ಈ ಪ್ರಶ್ನೆ ದಿನವೂ ಏಳುತ್ತದೆ. ಮನೆಯವರಿಂದ ಅಡಗಿಸಿದ ಬೀಡಿ, ಸಿಗರೇಟಿನ ಚಟ ಬಾಯಿ ತೆರೆದೊಡನೆ ಅವರಿಗೆ ತಿಳಿದುಬಿಡುತ್ತದೆ. ಕೇಳಿದರೆ ರೋಗಿಗೆ ನೋವಾದೀತೆಂದು ಅವರು ಸುಮ್ಮನಿರಬೇಕೇ?

ಒಂದು ವಿಷಯವನ್ನು ಗಮನಿಸಿರಿ. ವಸಡಿಗೆ ರೋಗ ತಗಲಿದಾಗ ರಕ್ತ ಒಸರುವುದು ಅಲ್ಲಾಹನು ಶರೀರದಲ್ಲಿರಿಸಿದ ಒಂದು ಎಚ್ಚರಿಕೆ. ಆದರೆ ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದ್ದರಿಂದ ಧೂಮಪಾನಿಯ ರೋಗಪೀಡಿತ ವಸಡಿನಲ್ಲಿ ರಕ್ತ ಅಷ್ಟಾಗಿ ಕಾಣಿಸುವುದಿಲ್ಲ. ತನ್ನ ಬಾಯಿ ಆರೋಗ್ಯವಾಗಿದೆಯೆಂದು ಅವನು ನೆಮ್ಮದಿಯಿಂದಿರುವಾಗ ಒಳಗೆ ಹಲ್ಲನ್ನು ಹಿಡಿದಿರುವ ಎಲುಬು ಸವೆಯುತ್ತಿರುತ್ತದೆ. ಅದನ್ನು ಕಂಡ ವೈದ್ಯರ ಮೌನವು ರೋಗಿಯ ಕುಂದನ್ನಲ್ಲ, ಅವನ ಅಪಾಯವನ್ನು ಮರೆಮಾಚುತ್ತದೆ. ಅದು ಸೌಜನ್ಯವೂ ಅಲ್ಲ, ಅಮಾನತ್ತಿನ ಪಾಲನೆಯೂ ಅಲ್ಲ.

ಹಾಗೆಂದು ಉಪದೇಶದ ಹೆಸರಲ್ಲಿ ಅವಮಾನಿಸಲು ಯಾರಿಗೂ ಹಕ್ಕಿಲ್ಲ. ಮಸೀದಿಯಲ್ಲಿ ಮೂತ್ರ ಮಾಡಿದ ಗ್ರಾಮೀಣ ಅರಬನ ಮೇಲೆ ಜನರು ಮುಗಿಬಿದ್ದಾಗ, ಪ್ರವಾದಿವರ್ಯರು(ಸ) ಅವರನ್ನು ತಡೆದು ಆತನಿಗೆ ಮೃದುವಾಗಿ ತಿಳಿ ಹೇಳಿದರು. ತಪ್ಪನ್ನು ತಿದ್ದುವುದು ಬೇರೆ, ತಪ್ಪಿತಸ್ಥನನ್ನು ಹೀನೈಸುವುದು ಬೇರೆ.

ಆದ್ದರಿಂದ ವೈದ್ಯರು ಪ್ರತಿಯೊಬ್ಬ ರೋಗಿಯಲ್ಲೂ ಗುಟ್ಟಾಗಿ, ಸರಳವಾಗಿ ವಿಚಾರಿಸಲಿ. ಎಲ್ಲರನ್ನೂ ಕೇಳಿದಾಗ ಯಾರಿಗೂ ಅವಮಾನವಿಲ್ಲ. ಬಿಡಲು ಮನಸ್ಸಿದೆಯೇ ಎಂದು ತಿಳಿದು, ಒಂದು ದಿನ ಗೊತ್ತುಮಾಡಲು ನೆರವಾಗಲಿ. ಮೊದಲ ಕೆಲವು ದಿನಗಳು ಅತ್ಯಂತ ಕಷ್ಟಕರ. ಸಿಡುಕು, ನಿದ್ರೆಗೇಡು ಕಾಡಬಹುದು. ಕೆಲವು ವಾರಗಳಲ್ಲಿ ಅವು ಇಳಿಯುತ್ತವೆ ಎಂಬುದನ್ನು ಮುಂಚಿತವಾಗಿ ಹೇಳಲಿ. ಸೇದಬೇಕೆಂಬ ತುಡಿತ ಕೆಲವೇ ನಿಮಿಷಗಳದ್ದು. ಆಗ ನೀರು ಕುಡಿಯಬಹುದು, ವುಝೂ ಮಾಡಬಹುದು, ಪ್ರವಾದಿವರ್ಯರಿಗೆ(ಸ) ಪ್ರಿಯವಾಗಿದ್ದ ಮಿಸ್ವಾಕನ್ನು ಹಿಡಿಯಬಹುದು. ಅಗತ್ಯವಿದ್ದವರಿಗೆ ನಿಕೋಟಿನ್ ಗಮ್ ಇದೆ. ಅದನ್ನು ಸಾಮಾನ್ಯ ಚೂಯಿಂಗ್ ಗಮ್‌ನಂತೆ ಜಗಿಯುತ್ತಲೇ ಇರದೆ, ನಡುನಡುವೆ ಕೆನ್ನೆಯ ಬದಿಯಲ್ಲಿ ಇರಿಸಿಕೊಳ್ಳಬೇಕೆಂದು ತೋರಿಸಿಕೊಡಲಿ. ಸರಕಾರದ ಉಚಿತ ದೂರವಾಣಿ ಸಂಖ್ಯೆ 1800-11-2356 ಅನ್ನು ಬರೆದುಕೊಡಲಿ. ಮುಂದಿನ ಭೇಟಿಯಲ್ಲಿ ಮರೆಯದೆ ವಿಚಾರಿಸಲಿ. ಅವನು ಮತ್ತೆ ಸೇದಿದ್ದರೆ ಗದರದಿರಲಿ. ಹಲವು ಸಲ ಎಡವಿದ ಮೇಲೆ ಬಿಟ್ಟವರು ಬಹಳ ಮಂದಿ. ಮರಳಿ ಬರುವವನಿಗೆ ತೌಬಾದ ಬಾಗಿಲನ್ನೇ ಅಲ್ಲಾಹನು ತೆರೆದಿಟ್ಟಿರುವಾಗ ಚಿಕಿತ್ಸಾಲಯದ ಬಾಗಿಲು ಮುಚ್ಚುವುದೇಕೆ?

ಓದುಗರೇ, ರಮಝಾನಿನಲ್ಲಿ ಧೂಮಪಾನಿಯೂ ಪ್ರಭಾತದಿಂದ ಸೂರ್ಯಾಸ್ತದವರೆಗೆ ತಾಳಿಕೊಳ್ಳುತ್ತಾನೆ. ಅವನ ಸಂಕಲ್ಪಶಕ್ತಿ ಸತ್ತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಇಫ್ತಾರಿನ ನಂತರ ಅವನು ಒಂಟಿಯಾಗದಂತೆ ನೋಡಿಕೊಳ್ಳುವ ಹೊಣೆ ಮನೆಯವರದ್ದು.

ನಿಮ್ಮ ಮಗನೋ ಮಗಳೋ ದಂತವೈದ್ಯರಾಗಿದ್ದರೆ ಇದನ್ನು ನೆನಪಿಸಿರಿ: ಗಳಿಸಿದ ಜ್ಞಾನದಿಂದ ಏನು ಮಾಡಿದೆಯೆಂದು ನಾಳೆ ಪರಲೋಕದಲ್ಲಿ ಪ್ರಶ್ನಿಸಲಾಗುವುದು. ಹಲ್ಲು ಕಿತ್ತ ಲೆಕ್ಕ ಪುಸ್ತಕದಲ್ಲಿರುತ್ತದೆ. ಹೇಳಬೇಕಾಗಿದ್ದೂ ಹೇಳದೆ ಬಿಟ್ಟ ಮಾತಿನ ಲೆಕ್ಕ ಅಲ್ಲಾಹನ ಬಳಿಯಲ್ಲಿರುತ್ತದೆ.